ಕಿಟಕಿ ಕಡೆಯ ಬಾಗಿಲು ತೆಗೀರಿ

ಕೆಟ್ಟುಹೋದ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವುದು ಸುಲಭ. ಕೆಡದೇ ಇರುವ ಮೆಷಿನ್ನನ್ನು ರಿಪೇರಿ ಮಾಡುವುದಿದೆಯಲ್ಲ, ಅದು ಕಷ್ಟ. ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಪ್ಲಗ್ಗಿನವು. ನೆಲ ಒರೆಸುವವರು ಕಿತ್ತಿರುತ್ತಾರೆ, ಇಲ್ಲವೇ ಯಾರೋ ಮಹಾರಾಯರು ತಮ್ಮ ಮೊಬೈಲ್ ಚಾರ್ಜಿಗೆ ಹಾಕಲು ತೆಗೆದು ಹಾಗೇ ಮರೆತಿರುತ್ತಾರೆ. ಹಾಗಂತ "ಪ್ಲಗ್ ಹಾಕಿದ್ದೀರಾ?" ಎಂದು ಕೇಳಿ ನೋಡಿ. "ನಮ್ಮನ್ನೇನು ಅಷ್ಟು ದಡ್ಡರು ಅಂದ್ಕೊಂಡ್ರಾ?" ಎಂದು ಮುಖ ಗಂಟು ಹಾಕಿಕೊಳ್ಳುತ್ತಾರೆಯೇ ಹೊರತು ಬಗ್ಗಿ ನೋಡುವುದಿಲ್ಲ.

ಈ ರೋಗಕ್ಕೆ ಮದ್ದು ಕಂಡುಹಿಡಿದವಳು ಉಫ್ ಅಕ್ಕ. ಅವಳು ಯಾರನ್ನೂ ಹಾಗೆ ಕೇಳುವುದಿಲ್ಲ. "ಪ್ಲಗ್ಗಿನ ಕಡ್ಡಿ ಮೇಲೆ ಧೂಳು ಕೂತಿರತ್ತೆ ನೋಡಿ. ಹೊರಗೆ ತೆಗೆದು ಉಫ್ ಅಂತ ಒಂದ್ಸಲ ಜೋರಾಗಿ ಊದಿ ಮತ್ತೆ ಹಾಕಿ" ಎನ್ನುತ್ತಾಳೆ. ಆ ಕಡೆಯವರು ಬಗ್ಗುತ್ತಾರೆ. ಆಮೇಲೆ ಸಣ್ಣ ದನಿಯಲ್ಲಿ "ಹೌದಕ್ಕ, ತುಂಬಾ ಧೂಳಿತ್ತು" ಎಂಬ ಮಾತು ಬರುತ್ತದೆ. ಮೆಷಿನ್ ಗುರ್ ಎನ್ನುತ್ತದೆ. ಅವರ ಮಾನವೂ ಉಳಿಯಿತು, ಅಕ್ಕನ ಕೆಲಸವೂ ಮುಗಿಯಿತು. ಊರಿನ ಅರ್ಧ ಆಫೀಸುಗಳಿಗೆ ಅವಳ ನಿಜವಾದ ಹೆಸರು ಗೊತ್ತಿಲ್ಲ, ಉಫ್ ಅಕ್ಕ ಎಂದರೆ ಎಲ್ಲರಿಗೂ ಗೊತ್ತು.

ಮೊದಮೊದಲು ಅವಳು ಚೀಲ ಹಿಡಿದು ಹೋದರೆ ಜನ ಅವಳ ಬೆನ್ನ ಹಿಂದೆ ಇಣುಕುತ್ತಿದ್ದರು. "ಮೆಕ್ಯಾನಿಕ್ ಎಲ್ಲಿ?" ಎನ್ನುವರು. "ಬಂದಿದ್ದಾರೆ" ಎಂದು ಅಕ್ಕ ಚೀಲ ನೆಲಕ್ಕಿಟ್ಟು ಸ್ಕ್ರೂ ಬಿಚ್ಚಲು ಶುರು ಮಾಡುವಳು. ಅವರು ಇನ್ನೂ ಬಾಗಿಲ ಕಡೆ ನೋಡುತ್ತಾ ಇರುವಾಗಲೇ ಒಳಗೆ ಸಿಕ್ಕಿಕೊಂಡ ಕಾಗದ ಹೊರಗೆ ಬಂದಿರುತ್ತಿತ್ತು. ಹುಡುಗಿಯಾಗಿದ್ದಾಗ ಅವಳು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಾಪಿ ತೆಗೆದುಕೊಡುವ ಕೆಲಸಕ್ಕಿದ್ದಳು. ಅಲ್ಲಿನ ಮೆಷಿನ್ ದಿನ ಬಿಟ್ಟು ದಿನ ಮುನಿಸಿಕೊಳ್ಳುತ್ತಿತ್ತು. ರಿಪೇರಿಯವನು ಬರುವುದೆಂದರೆ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ. ಕಾದು ಕಾದು ಸಾಕಾಗಿ ಒಂದು ದಿನ ತಾನೇ ಬಾಗಿಲು ತೆಗೆದು ಕೈ ಹಾಕಿದಳು. ಆ ಕೈ ಆಮೇಲೆ ಹೊರಗೆ ಬರಲೇ ಇಲ್ಲ ಅಂತ ಅವಳ ಗಂಡ ಇವತ್ತಿಗೂ ನಗುತ್ತಾನೆ. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಅಗಲ ಮಾಡುವುದು ಅವನ ಕೆಲಸ. "ಇಬ್ರೂ ಮೆಷಿನ್ ಮುಂದೆ ಬಗ್ಗೋರೇ. ನಾನು ಕೂತು ಬಗ್ತೀನಿ, ಅವಳು ನಿಂತು ಬಗ್ತಾಳೆ" ಎನ್ನುತ್ತಾನೆ.

ಅಕ್ಕನಿಗೆ ಮೆಷಿನ್ ಮೇಲೆ ಪ್ರೀತಿ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚು ಪ್ರೀತಿ ಹೋಗುವುದರ ಮೇಲೆ. ತಾನು ಕೆಲಸಕ್ಕಿದ್ದ ರಿಪೇರಿ ಅಂಗಡಿಯ ಹಳೇ ಸ್ಕೂಟರಿನ ಮುಂದೆ ಚೀಲ ಇಟ್ಟು, ಬೆಳಗ್ಗೆ ಸ್ಕೂಲಿಗೆ, ಅಲ್ಲಿಂದ ವಕೀಲರ ಆಫೀಸಿಗೆ, ಅಲ್ಲಿಂದ ಬ್ಯಾಂಕಿಗೆ. ಪ್ರತಿ ರೂಮೂ ಅವಳಿಗೆ ಅಂಗೈ ರೇಖೆಯಷ್ಟು ಪರಿಚಯ. ಕಬ್ಬಿಣದ ಬೀರು ಎಲ್ಲಿದೆ, ಯಾವ ಕುರ್ಚಿಯ ಕಾಲು ಅಲ್ಲಾಡುತ್ತದೆ, ಯಾರ ಮೇಜಿನ ಕೆಳಗೆ ಬಿಸ್ಕೆಟ್ ಡಬ್ಬಿ ಇದೆ, ಎಲ್ಲ ಗೊತ್ತು. ಜತೆಗೆ ಅವಳು ಸುದ್ದಿಯನ್ನೂ ಸಾಗಿಸುತ್ತಿದ್ದಳು. ಬ್ಯಾಂಕಿನ ಕ್ಯಾಷಿಯರ್‌ಗೆ ಮಗು ಹುಟ್ಟಿದ್ದು ಸ್ಕೂಲಿಗೆ ಗೊತ್ತಾಗುತ್ತಿದ್ದದ್ದು ಅವಳಿಂದ. ಸ್ಕೂಲಿನ ಹೆಡ್ ಮೇಡಂ ಕನ್ನಡಕ ಬದಲಾಯಿಸಿದ್ದು ವಕೀಲರಿಗೆ ಗೊತ್ತಾಗುತ್ತಿದ್ದದ್ದೂ ಅವಳಿಂದ. ಒಂದು ಸುದ್ದಿಯನ್ನೂ ಅವಳು ಕೆಡಿಸಿ ಹೇಳಿದವಳಲ್ಲ. ಕಾಪಿ ತೆಗೆಯುವ ಕಸುಬಿನವಳು ತಾನೆ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು.

ಹೀಗೆ ಊರಿನ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದವಳು ಜಾರಿ ಬಿದ್ದದ್ದು ಮಾತ್ರ ತನ್ನದೇ ಅಂಗಡಿಯ ಒಂದೇ ಒಂದು ಮೆಟ್ಟಿಲಿನಿಂದ. ಕಾಲಿನ ಗೆಣ್ಣಿನ ಹತ್ತಿರ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಗಂಡನನ್ನು ಕಾಡಿ, ಅವನ ಸೈಕಲ್ಲಿನ ಹಿಂದೆ ಕೂತು ಅಂಗಡಿಗೆ ಬಂದಳು. ಅಂಗಡಿಯ ಮಾಲೀಕ ಅವಳಿಗಿಂತ ಚಿಕ್ಕವನು, ಒಳ್ಳೆಯವನು, ಆದರೆ ಲೆಕ್ಕಾಚಾರದ ಮನುಷ್ಯ. ಅವನು ಅವಳನ್ನು ಫೋನಿನ ಮುಂದೆ ಕೂರಿಸಿದ.

"ಅಕ್ಕ, ಕಾಲು ಸರಿಹೋಗೋ ತನಕ ಫೋನ್ ನೋಡ್ಕೊಳಿ. ಹೇಳಿ ಸರಿ ಮಾಡ್ಸೋಕ್ಕೆ ಆಗತ್ತಾ ನೋಡಿ. ಆಗ್ದಿದ್ರೆ ಇವರಿಬ್ಬರಲ್ಲಿ ಒಬ್ಬರನ್ನ ಕಳ್ಸೋಣ" ಎಂದ. ಅಂಗಡಿಯಲ್ಲಿ ಇನ್ನಿಬ್ಬರು ರಿಪೇರಿಯವರಿದ್ದರು.

ಅಲ್ಲಿಂದ ಶುರುವಾಯಿತು ಪುರಾಣ.

ಮೊದಲ ದಿನವೇ ಬಂದದ್ದು ಮೀಸೆಯ ದೂರು. ಒಂದು ಕಾಲೇಜಿನ ಗುಮಾಸ್ತೆ ಅಳುವ ದನಿಯಲ್ಲಿ, "ಅಕ್ಕ, ನಮ್ಮ ಮೆಷಿನ್ ಎಲ್ಲರಿಗೂ ಮೀಸೆ ಇಡ್ತಿದೆ!" ಎಂದಳು. ಹುಡುಗಿಯರ ಗುರುತಿನ ಚೀಟಿ ಕಾಪಿ ಮಾಡಿದರೆ ಪ್ರತಿಯೊಬ್ಬಳಿಗೂ ಮೂಗಿನ ಕೆಳಗೆ ಕಪ್ಪಗೆ ದಪ್ಪ ಮೀಸೆ. ಪ್ರಿನ್ಸಿಪಾಲರ ಕೈಗೆ ಆಗಲೇ ಒಂದು ಕಟ್ಟು ಹೋಗಿದೆ. ಅಕ್ಕ ಕೇಳಿದಳು, "ಮೆಷಿನ್ ಮೇಲೆ ಏನಾದ್ರೂ ತಿಂದ್ರಾ?" "ನಾನಲ್ಲ ಅಕ್ಕ." "ನೀವಲ್ಲ ಅಂತ ನಂಗೊತ್ತು. ಗಾಜಿನ ಮೇಲೆ ಚಾಕಲೇಟಿನ ಚೂರು ಅಂಟಿರತ್ತೆ, ಉಗುರಲ್ಲಿ ಕೆರೀಬೇಡಿ, ಒದ್ದೆ ಬಟ್ಟೆ ತಗೊಳಿ." ಒರೆಸಿದ ಮೇಲೆ ಮೀಸೆ ಹೋಯಿತು. "ಆದ್ರೂ ಒಂದಿಬ್ಬರಿಗೆ ಚೆನ್ನಾಗೇ ಕಾಣ್ತಿತ್ತು" ಎಂದು ಗುಮಾಸ್ತೆ ಫೋನಿಟ್ಟಳು.

ಆಮೇಲೊಬ್ಬರು, ನಿವೃತ್ತ ಮೇಷ್ಟ್ರು, ಹೊಸದಾಗಿ ಮೆಷಿನ್ ಇಟ್ಟವರು. "ಎಷ್ಟು ಸಲ ಒತ್ತಿದ್ರೂ ಬರೀ ಬಿಳೀ ಕಾಗದ ಬರತ್ತಮ್ಮ. ಮೋಸ ಹೋದೆ" ಎಂದರು. "ಗಾಜಿನ ಮೇಲೆ ಏನಿಟ್ಟಿದ್ದೀರಿ ಸರ್?" "ಬಿಳೀ ಕಾಗದ." "ಯಾಕೆ ಸರ್?" "ಪರೀಕ್ಷೆ ಮಾಡೋಕ್ಕೆ ಬರೆದಿರೋ ಕಾಗದ ಯಾಕೆ ವ್ಯರ್ಥ ಮಾಡೋದು?" ಅಕ್ಕ ನಗು ತಡೆಯಲು ನಾಲಿಗೆ ಕಚ್ಚಿಕೊಂಡಳು. "ಸರ್, ಹಾಗಾದ್ರೆ ನಿಮ್ಮ ಮೆಷಿನ್ ಎಷ್ಟು ಪ್ರಾಮಾಣಿಕ ನೋಡಿ, ಇಲ್ಲದ್ದನ್ನ ತೋರಿಸ್ತಾನೇ ಇಲ್ಲ" ಎಂದಳು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ವಕೀಲರ ಕಥೆಯಂತೂ ಅಂಗಡಿಯಲ್ಲಿ ಗಾದೆಯಾಗಿಬಿಟ್ಟಿತು. ಅವರ ಮೆಷಿನ್ ವಿಚಿತ್ರವಾಗಿ ಕೂಗುತ್ತಿತ್ತು. ಸದ್ದು ಕೇಳಿದರೆ ಯಾವ ಗಾಲಿ ಸವೆದಿದೆ ಎಂದು ಅಕ್ಕ ಹೇಳಬಲ್ಲಳು. "ಫೋನನ್ನ ಸ್ವಲ್ಪ ಮೆಷಿನ್ ಹತ್ರ ಇಡಿ, ಕಾಪಿ ಒತ್ತಿ, ನಾನು ಕೇಳ್ತೀನಿ" ಎಂದಳು. ವಕೀಲರು ಹೇಳಿದ ಮಾತನ್ನು ಅಕ್ಷರಶಃ ಪಾಲಿಸುವವರು. ಫೋನನ್ನು ಗಾಜಿನ ಮೇಲೆ ಮಲಗಿಸಿ, ಮುಚ್ಚಳ ಮುಚ್ಚಿ, ಗುಂಡಿ ಒತ್ತಿದರು. ಅಕ್ಕನ ಕಿವಿಯಲ್ಲಿ ರೈಲು ಹೋದಂತೆ ಸದ್ದಾಯಿತು. ಆಮೇಲೆ ವಕೀಲರ ದನಿ, "ಅಕ್ಕ, ನಿಮ್ಮ ಕಾಪಿ ಬಂತು. ತುಂಬಾ ಸ್ಪಷ್ಟವಾಗಿದೆ. ಇನ್ನೊಂದು ತೆಗೀಲಾ?"

ಇಷ್ಟಾದರೂ ಅಕ್ಕ ಫೋನಿನಲ್ಲೇ ಸರಿಮಾಡಿಸದ ದೂರು ಅಪರೂಪ. ಅವಳ ಗುಟ್ಟು ಬೇರೆಯೇ ಇತ್ತು. ಬೇರೆಯವರು "ಎಡಗಡೆಯ ಬಾಗಿಲು ತೆಗೀರಿ" ಎನ್ನುತ್ತಾರೆ. ಅವಸರದಲ್ಲಿರುವ ಮನುಷ್ಯನಿಗೆ ಎಡ ಯಾವುದು, ಬಲ ಯಾವುದು? ಅಕ್ಕ ಹಾಗೆ ಹೇಳುವುದಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಆ ರೂಮಿಗೆ ಹೋಗಿಬಿಡುತ್ತಾಳೆ. "ಕಿಟಕಿ ಕಡೆ ಬಾಗಿಲು ತೆಗೀರಿ. ಈಗ ಬೀರು ಕಡೆ ಹಿಡಿಕೆ ತಿರುಗ್ಸಿ. ಹಾಂ, ನಿಮ್ಮ ಕೈ ಕುಡಿಯೋ ನೀರಿನ ಜಾಡಿಗೆ ತಗಲತ್ತೆ, ನಿಧಾನ" ಎನ್ನುತ್ತಾಳೆ. ಆ ಕಡೆಯವರು ಬೆಚ್ಚಿ ಸುತ್ತ ನೋಡುತ್ತಾರೆ, ಎಲ್ಲಿಂದಾದರೂ ಇಣುಕುತ್ತಿದ್ದಾಳೋ ಎಂದು. ಹೇಳಿದ ಜಾಗದಲ್ಲಿ ಕೈ ಹಾಕಿದರೆ ಕಾಗದ ಸಿಕ್ಕೇ ಸಿಗುತ್ತದೆ.

ಮಾಲೀಕನ ಮುಖ ದಿನದಿಂದ ದಿನಕ್ಕೆ ಅರಳುತ್ತಿತ್ತು. ಪೆಟ್ರೋಲ್ ಉಳಿಯಿತು, ಹೊತ್ತು ಉಳಿಯಿತು, ಗಿರಾಕಿಗಳು ಕಾಯುವುದು ತಪ್ಪಿತು. ಇತ್ತ ಅಕ್ಕನ ಪ್ಲಾಸ್ಟರ್ ಬಿಚ್ಚಿದರು. ಕಾಲು ಮೊದಲು ಸೊಟ್ಟಗೆ, ಆಮೇಲೆ ನೆಟ್ಟಗೆ ನಡೆಯಿತು. ಒಂದು ಬೆಳಗ್ಗೆ ಅವಳು ಚೀಲದ ಧೂಳು ಕೊಡವಿ ಹೆಗಲಿಗೆ ಹಾಕಿಕೊಂಡು ಮಾಲೀಕನ ಮುಂದೆ ನಿಂತಳು.

"ಸರ್, ಕಾಲು ಸರಿಯಾಯ್ತು. ನಾಳೆಯಿಂದ ಹೊರಗೆ ಹೋಗ್ತೀನಿ."

ಮಾಲೀಕ ಕುರ್ಚಿ ಎಳೆದು ಅವಳನ್ನು ಕೂರಿಸಿದ. ಕೂರಿಸಿ ಮಾತಾಡಿದರು ಅಂದರೆ ಕೆಟ್ಟ ಸುದ್ದಿ ಎಂದು ಅಕ್ಕನಿಗೆ ಆಗಲೇ ಅನಿಸಿತು.

"ಯಾಕಕ್ಕ ಹೊರಗೆ? ಈ ಬಿಸಿಲು, ಈ ಟ್ರಾಫಿಕ್ಕು, ಆ ಮೆಟ್ಟಿಲು. ನೀವು ಇಲ್ಲಿ ಕೂತು ಮೂರು ಜನರ ಕೆಲಸ ಮಾಡ್ತಿದ್ದೀರಿ. ಇನ್ನು ಮೇಲೆ ಇದೇ ನಿಮ್ಮ ಸೀಟು. ಮೆತ್ತನೆ ಕುರ್ಚಿ ತರಿಸ್ತೀನಿ. ಆ ಸ್ಕೂಟರು ಸುಮ್ನೆ ನಿಂತಿದೆ, ಮಾರಿಬಿಡೋಣ ಅಂತ. ಒಬ್ಬರು ಕೇಳಿದ್ದಾರೆ, ಮುಂದಿನ ವಾರ ನೋಡೋಕೆ ಬರ್ತಾರೆ."

ಅವನು ಪ್ರೀತಿಯಿಂದಲೇ ಹೇಳಿದ್ದ. ಪ್ರೀತಿಯಿಂದ ಹೇಳಿದ ಮಾತಿಗೆ ಜಗಳವಾಡುವುದು ಹೇಗೆ? ಅಕ್ಕ ಚೀಲವನ್ನು ಕುರ್ಚಿಯ ಕೆಳಗೆ ಸರಿಸಿ ಫೋನೆತ್ತಿಕೊಂಡಳು. ಆ ದಿನ ಯಾರೋ "ಏನಕ್ಕ, ದನಿ ಸಣ್ಣಗಿದೆ?" ಎಂದು ಕೇಳಿದ್ದಕ್ಕೆ "ನೆಗಡಿ" ಎಂದಳು.

ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಕೈ ಆಡಿಸುತ್ತಾ ಕೂತವಳನ್ನು ನೋಡಿ ಗಂಡನೇ ಕೇಳಿದ. ಅವಳು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳು ಬಂತು.

"ಆ ಕುರ್ಚಿಲಿ ಕೂತೇ ಮುದುಕಿ ಆಗ್ತೀನಿ ರೀ. ಯಾರ ಮುಖನೂ ಕಾಣ್ದೆ. ಎಲ್ರೂ ಬರೀ ದನಿ ಆಗ್ಬಿಟ್ಟಿದ್ದಾರೆ. ಚೆನ್ನಾಗಿ ಕೆಲಸ ಮಾಡ್ದಷ್ಟೂ ಕುರ್ಚಿಗೆ ಗಟ್ಟಿಯಾಗಿ ಕಟ್ಟಿ ಹಾಕ್ತಾರೆ."

"ಹಾಗಾದ್ರೆ ಕೆಟ್ಟದಾಗಿ ಮಾಡೇ" ಎಂದ ಗಂಡ, ತುತ್ತು ಬಾಯಿಗಿಡುತ್ತಾ. "ನಾಲ್ಕು ಜನಕ್ಕೆ 'ಫೋನಲ್ಲಿ ಆಗಲ್ಲ, ಯಾರಾದ್ರೂ ಬರ್ಬೇಕು' ಅನ್ನು. ತಾನಾಗೇ ಹೊರಗೆ ಕಳ್ಸ್ತಾರೆ."

ಉಪಾಯವೇನೋ ಚೆನ್ನಾಗಿತ್ತು. ಮರುದಿನ ಮೊದಲ ಫೋನು ಗ್ರಂಥಾಲಯದವರದ್ದು. ಮೆದು ಮಾತಿನ ಹೆಂಗಸು. ಕಾಗದ ಸಿಕ್ಕಿಕೊಂಡಿದೆ ಎಂದಳು. ಯಾವ ಗಾಲಿಯ ಕೆಳಗೆ ಎಂದು ಅಕ್ಕನಿಗೆ ಕೇಳುತ್ತಲೇ ಗೊತ್ತಾಯಿತು. ಆದರೂ ಎದೆ ಗಟ್ಟಿ ಮಾಡಿಕೊಂಡು, "ಇದು ಫೋನಲ್ಲಿ ಆಗಲ್ಲಮ್ಮ. ಯಾರಾದ್ರೂ ಬರ್ಬೇಕು. ಎರಡು ದಿನ ಆಗ್ಬಹುದು" ಎಂದಳು.

"ಅಯ್ಯೋ, ಪರವಾಗಿಲ್ಲ ಬಿಡಿ ಅಕ್ಕ. ಸಂಜೆ ಮಕ್ಕಳು ನಾಟಕ ಓದೋಕೆ ಬರ್ತಾರೆ. ಅವರಿಗೊಂದೊಂದು ಪ್ರತಿ ಬೇಕಿತ್ತು. ನಾನು ಕೈಯಲ್ಲೇ ಬರೀತೀನಿ. ಈಗಲೇ ಕೂತ್ರೆ ಮುಗಿಯತ್ತೆ."

ಅಕ್ಕ ಕಣ್ಣು ಮುಚ್ಚಿದಳು. ಬಗ್ಗಿ ಕೂತು ಬರೆಯುತ್ತಿರುವ ಹೆಂಗಸು ಕಂಡಳು. ಹಾಳಾದ್ದು, ಆ ರೂಮಿನ ಮೇಜು ಎಷ್ಟು ಕುಳ್ಳು ಎಂಬುದೂ ಅವಳಿಗೆ ಗೊತ್ತಿತ್ತು. "ನಿಲ್ಲಿ ನಿಲ್ಲಿ! ಪೆನ್ನು ಕೆಳಗಿಡಿ. ಪತ್ರಿಕೆ ಕಪಾಟಿನ ಕಡೆ ಬಾಗಿಲು ತೆಗೀರಿ" ಎಂದಳು. ಸ್ವಲ್ಪ ಹೊತ್ತಿಗೆ ಕಾಗದ ಹೊರಗೆ ಬಂತು. ಸಂಜೆ ಗಂಡ ಇದನ್ನು ಕೇಳಿ ಸೈಕಲ್ ನಿಲ್ಲಿಸಿ ನಕ್ಕ. "ನಿನ್ನ ಕೈಲಿ ಕೆಟ್ಟದ್ದು ಮಾಡೋಕೂ ಬರಲ್ವಲ್ಲೇ! ಇನ್ನೇನು ಮಾಡ್ಲಿ ನಿನ್ನ ಕಟ್ಕೊಂಡು?"

ಹೀಗೆ ಅತ್ತ ದರಿ ಇತ್ತ ಪುಲಿ ಎಂದು ಕೂತಿರುವಾಗ ಸ್ಕೂಟರ್ ನೋಡಲು ಬರುವವರ ದಿನ ಬಂದೇಬಿಟ್ಟಿತು. ಮಾಲೀಕ ಬೆಳಗ್ಗೆಯೇ ಅದನ್ನು ತೊಳೆಸಿ, ಒರೆಸಿ, ಅಂಗಡಿಯ ಮುಂದೆ ನಿಲ್ಲಿಸಿದ್ದ. ಅಕ್ಕ ಆ ಕಡೆ ನೋಡಬಾರದೆಂದು ಗೋಡೆಯ ಕಡೆ ತಿರುಗಿ ಕೂತಿದ್ದಳು. ಆಗ ನೀರು ಸರಬರಾಜು ಕಚೇರಿಯಿಂದ ಫೋನು ಬಂತು.

ಆ ಕಚೇರಿಯ ಹೆಡ್ ಕ್ಲರ್ಕ್ ಎಂದರೆ ಬಿಳೀ ಅಂಗಿ, ಬಿಳೀ ಕರವಸ್ತ್ರ, ಬಿಳೀ ಕೂದಲು. ಅವರು ನಕ್ಕದ್ದನ್ನು ನೋಡಿದವರಿಲ್ಲ. ಕಾಗದ ಸಿಕ್ಕಿಕೊಂಡರೂ ಬೇರೆಯವರ ಕೈಗೆ ಕೊಡದೆ ತಾವೇ ತೆಗೆಯಬೇಕು ಎನ್ನುವವರು. "ಕಾಗದ ಸಿಕ್ಕಿಕೊಂಡಿದೆ. ಹೇಳಿ, ಮಾಡ್ತೀನಿ" ಎಂದರು ಗಂಭೀರವಾಗಿ.

ಅಕ್ಕ ಕಣ್ಣು ಮುಚ್ಚಿ ಆ ರೂಮಿಗೆ ಹೋದಳು. ಎತ್ತರದ ಕಿಟಕಿ, ಅದರ ಪಕ್ಕ ಮೆಷಿನ್. ಮೆಷಿನ್ನಿಗೆ ಎರಡು ಕಡೆ ಬಾಗಿಲು. ಕಿಟಕಿ ಕಡೆಯದರಲ್ಲಿ ಕಾಗದ ಸಿಕ್ಕುತ್ತದೆ. ಇನ್ನೊಂದರಲ್ಲಿ, ಗೋಡೆ ಕಡೆಯದರಲ್ಲಿ, ಬಳಸಿ ಉಳಿದ ಕಪ್ಪು ಇಂಕಿನ ಪುಡಿ ತುಂಬುವ ಡಬ್ಬಿ. ಎರಡರಲ್ಲೂ ನೀಲಿ ಹಿಡಿಕೆ.

"ಕಿಟಕಿ ಕಡೆಯ ಬಾಗಿಲು ತೆಗೀರಿ ಸರ್."

"ತೆಗೆದೆ."

"ಒಳಗೆ ನೀಲಿ ಹಿಡಿಕೆ ಇದೆಯಾ? ಎಳೀರಿ."

"ಬರ್ತಿಲ್ಲ."

"ಸ್ವಲ್ಪ ಗಟ್ಟಿ ಇರತ್ತೆ. ಧೈರ್ಯವಾಗಿ ಎಳೀರಿ. ಇನ್ನೂ ಜೋರಾಗಿ!"

ಡಬ್ ಎಂದು ಸದ್ದಾಯಿತು. ಏನೋ ಬಿತ್ತು. ಯಾರೋ ಕಿರುಚಿದರು, ಇನ್ಯಾರೋ ಕೆಮ್ಮಿದರು. ಹಿಂದೆ ಫ್ಯಾನು ಜೋರಾಗಿ ತಿರುಗುವ ಸದ್ದು. ಬಹಳ ಹೊತ್ತಿನ ಮೇಲೆ ಹೆಡ್ ಕ್ಲರ್ಕರ ದನಿ, ಸ್ವಲ್ಪವೂ ಏರದೆ ಇಳಿಯದೆ, ಬಂತು.

"ಅಕ್ಕ, ಕಪ್ಪಾಯ್ತು."

"ಏನು ಕಪ್ಪಾಯ್ತು ಸರ್?"

"ಎಲ್ಲಾ."

ಹಿಂದಿನಿಂದ ಟೈಪಿಸ್ಟ್ ಹೆಂಗಸು, "ಬಿಸಿ ನೀರು ಕಾಯಿಸ್ರೋ!" ಎಂದು ಕೂಗುತ್ತಿದ್ದಳು. ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಬಿಸಿ ನೀರು ಬೇಡ! ಬಿಸಿ ತಾಗಿದ್ರೆ ಪುಡಿ ಕರಗಿ ಅಂಟ್ಕೊಳ್ಳತ್ತೆ, ಬಟ್ಟೆಯಿಂದ ಜನ್ಮದಲ್ಲಿ ಹೋಗಲ್ಲ! ಒರೆಸ್ಬೇಡಿ, ಫ್ಯಾನು ಆರ್ಸಿ, ಯಾರೂ ಅಲ್ಲಾಡ್ಬೇಡಿ, ಇದ್ದ ಹಾಗೇ ಇರಿ, ಬಂದೆ!"

'ಬಂದೆ' ಎಂದದ್ದು ಬಾಯಿತಪ್ಪಿ. ಬೇರೆ ರಿಪೇರಿಯವರಿಬ್ಬರೂ ಊರಿನ ಆ ತುದಿಯಲ್ಲಿದ್ದರು. ಮಾಲೀಕ ಒಳಗೆ ಯಾರೊಂದಿಗೋ ಮಾತಾಡುತ್ತಿದ್ದ. ಅಕ್ಕ ಕುರ್ಚಿಯ ಕೆಳಗಿಂದ ಚೀಲ ಎಳೆದಳು, ಮೊಳೆಯಲ್ಲಿದ್ದ ಕೀಲಿ ತೆಗೆದಳು. "ಸರ್, ದೊಡ್ಡ ತಪ್ಪು ಮಾಡ್ಬಿಟ್ಟೆ, ಆಮೇಲೆ ಬೈಯಿರಿ!" ಎಂದು ಕೂಗಿ, ತೊಳೆದು ನಿಲ್ಲಿಸಿದ್ದ ಸ್ಕೂಟರ್ ಹತ್ತಿ ಹೊರಟೇಹೋದಳು.

ದಾರಿಯುದ್ದಕ್ಕೂ ಒಂದೇ ಲೆಕ್ಕ. ಇನ್ನು ಕುರ್ಚಿಯೂ ಇಲ್ಲ, ಸ್ಕೂಟರೂ ಇಲ್ಲ. ಸರ್ಕಾರಿ ಕಚೇರಿಗೆ ಮಸಿ ಬಳಿದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಹೂವಿನ ಅಂಗಡಿಯವಳು "ಅಕ್ಕಾ! ಎಲ್ಲಿ ಹೋಗಿದ್ರಿ ಇಷ್ಟು ದಿನ?" ಎಂದು ಕೂಗಿದಳು. ತಿರುವಿನಲ್ಲಿ ಸ್ಕೂಟರು ಹಳೆಯ ಅಭ್ಯಾಸದಂತೆ ಎರಡು ಸಲ ಕೆಮ್ಮಿತು. ಇಂಥ ಹೊತ್ತಿನಲ್ಲಿ ಖುಷಿಯಾಗಬಾರದಿತ್ತು. ಆದರೂ ಆಯಿತು. ಅಕ್ಕ ನಾಚಿಕೆಯಿಂದಲೇ ಸ್ವಲ್ಪ ಜೋರಾಗಿ ಓಡಿಸಿದಳು.

ಕಚೇರಿಯ ಬಾಗಿಲಲ್ಲಿ ನಿಂತು ನೋಡಿದರೆ ಒಳಗೆಲ್ಲ ಬೊಂಬೆ ಅಂಗಡಿ. ಅಲ್ಲಾಡಬೇಡಿ ಎಂದಿದ್ದಳಲ್ಲ, ಪಾಪ, ಯಾರೂ ಅಲ್ಲಾಡಿರಲಿಲ್ಲ. ಟೈಪಿಸ್ಟ್ ಎರಡೂ ಕೈ ಎತ್ತಿ ನಿಂತಿದ್ದಳು. ಜವಾನ ಲೋಟ ಹಿಡಿದು ಅರ್ಧ ಬಗ್ಗಿದ್ದ. ನಡುವೆ ಹೆಡ್ ಕ್ಲರ್ಕ್, ನೀಲಿ ಹಿಡಿಕೆಯ ಡಬ್ಬಿ ಕೈಯಲ್ಲೇ ಹಿಡಿದುಕೊಂಡು, ಅಡಿಯಿಂದ ಮುಡಿಯವರೆಗೆ ಕಪ್ಪಗೆ, ಎರಡು ಕಣ್ಣು ಮಾತ್ರ ಬೆಳ್ಳಗೆ.

"ಸರ್, ನಂದೇ ತಪ್ಪು" ಎಂದಳು ಅಕ್ಕ. ಅಷ್ಟರಲ್ಲಿ ಅವಳ ಕಣ್ಣಿಗೆ ಮೆಷಿನ್ ಬಿತ್ತು. ಅದು ಕಿಟಕಿಯ ಪಕ್ಕ ಇರಲೇ ಇಲ್ಲ. ಎದುರು ಗೋಡೆಗೆ ಹೋಗಿ, ಹಿಂದುಮುಂದಾಗಿ ನಿಂತಿತ್ತು. ಗೋಡೆ ಕಡೆ ಇರಬೇಕಾದ ಬಾಗಿಲು ಈಗ ಕಿಟಕಿ ನೋಡುತ್ತಿತ್ತು.

"ಇದನ್ನ ಯಾವಾಗ ತಿರುಗ್ಸಿದ್ರಿ?"

"ಎರಡು ತಿಂಗಳಾಯ್ತು" ಎಂದಳು ಟೈಪಿಸ್ಟ್, ಕೈ ಇಳಿಸದೆಯೇ. "ಬಿಸಿಲು ಬೀಳತ್ತೆ ಅಂತ. ನೀವು ಬಂದಿದ್ರೆ ನೋಡ್ತಿದ್ರಿ. ನೀವೆಲ್ಲಿ ಬಂದ್ರಿ?"

ಅಕ್ಕ ಚೀಲದಿಂದ ಮೆತ್ತನೆ ಬ್ರಷ್ ತೆಗೆದಳು. ಮೊದಲು ಹೆಡ್ ಕ್ಲರ್ಕರ ಹೆಗಲು, ಆಮೇಲೆ ಅಂಗಿಯ ತೋಳು, ಮೇಲಿನಿಂದ ಕೆಳಗೆ, ಉಜ್ಜದೆ, ಕೊಡವುತ್ತಾ ಬಂದಳು. ಒಣ ಪುಡಿ ಹಾಗೇ ಉದುರಿ ಕಾಗದದ ಮೇಲೆ ಬಿತ್ತು. ಮುಖಕ್ಕೆ ತಣ್ಣೀರು. ಅಷ್ಟು ಹೊತ್ತಿಗೆ ಹೆಡ್ ಕ್ಲರ್ಕ್ ಕಿಟಕಿಯ ಗಾಜಿನಲ್ಲಿ ತಮ್ಮನ್ನು ನೋಡಿಕೊಂಡರು. ಅರ್ಧ ಮುಖ ತೊಳೆದಿತ್ತು, ಇನ್ನರ್ಧ ಕಪ್ಪು. ಅವರ ತುಟಿ ಅದುರಿತು. ಅಕ್ಕ ಬೈಗುಳಕ್ಕೆ ತಯಾರಾದಳು.

"ನಮ್ಮಪ್ಪ ಇದ್ದಾರೆ ಅಲ್ಲಿ" ಎಂದರು ಅವರು ಗಾಜಿಗೆ ಬೆರಳು ತೋರಿಸಿ. "ಅವರ ಕೂದಲು ಕೊನೇವರೆಗೂ ಕಪ್ಪಗೇ ಇತ್ತು." ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಜವಾನನ ಕೈಯ ಲೋಟ ಬಿತ್ತು, ಅದು ಪುಡಿಗೆ ಹೆದರಿ ಅಲ್ಲ, ಈ ನಗು ನೋಡಿ. ಟೈಪಿಸ್ಟ್ ನಕ್ಕಳು, ಅಕ್ಕ ಅಳುತ್ತಾ ನಕ್ಕಳು. ನಗು ನಿಂತ ಮೇಲೆ ಸುದ್ದಿಗಳು ಶುರುವಾದವು. ಟೈಪಿಸ್ಟ್ ಅಜ್ಜಿಯಾಗಿದ್ದಳು. ಜವಾನ ಹಲ್ಲು ಕಟ್ಟಿಸಿಕೊಂಡಿದ್ದ, ಬಾಯಿ ತೆರೆದು ತೋರಿಸಿದ. "ಇದನ್ನೆಲ್ಲ ಫೋನಲ್ಲಿ ಹೇಳೋದಲ್ವಾ?" ಎಂದಳು ಅಕ್ಕ. "ಫೋನಲ್ಲಿ ಮೆಷಿನ್ ವಿಷಯ ತಾನೆ ಮಾತಾಡೋದು" ಎಂದಳು ಟೈಪಿಸ್ಟ್.

ಆ ಹೊತ್ತಿಗೆ ಮಾಲೀಕ ಆಟೊ ಹಿಡಿದು ಬಂದ. ದಾರಿಯಲ್ಲೇ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದನೆಂದು ಕಾಣುತ್ತದೆ, ಬಾಗಿಲಲ್ಲೇ ಕೈ ಮುಗಿದ. ನೆಲ ನೋಡಿದ, ಗೋಡೆ ನೋಡಿದ, ಹೆಡ್ ಕ್ಲರ್ಕರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಏನಕ್ಕ ಇದು?"

ಅಕ್ಕ ಬ್ರಷ್ ಕೆಳಗಿಟ್ಟಳು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡದ್ದು ಈಗ ಹೊರಗೆ ಬಂತು.

"ಸರ್, ಫೋನಲ್ಲಿ ನಾನು ಸರಿ ಮಾಡ್ತಿದ್ದದ್ದು ಫೋನಿಂದಲ್ಲ. ಎಲ್ಲರ ರೂಮೂ ನನ್ನ ತಲೇಲಿ ಇತ್ತು, ಅದಕ್ಕೆ. ಈ ರೂಮು ತಿರುಗಿದ್ದು ನಂಗೆ ಗೊತ್ತಾಗ್ಲಿಲ್ಲ. ನಾಳೆ ಸ್ಕೂಲಲ್ಲಿ ಬೀರು ಸರಿಸ್ತಾರೆ, ನಾಡಿದ್ದು ಬ್ಯಾಂಕಲ್ಲಿ ಮೇಜು ಬದಲಾಯಿಸ್ತಾರೆ. ಒಂದು ವರ್ಷ ನನ್ನ ಆ ಕುರ್ಚೀಲಿ ಕೂರಿಸಿದ್ರೆ ಊರಿಗೆಲ್ಲ ಹೀಗೇ ಮಸಿ ಬಳೀತೀನಿ. ಮತ್ತೆ..." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮತ್ತೆ ನಂಗೆ ಹೊರಗೆ ಹೋಗೋದು ಇಷ್ಟ. ಅಷ್ಟೇ. ಮೆತ್ತನೆ ಕುರ್ಚಿ ಬೇಡ. ಬೆಳಗ್ಗೆ ಸ್ವಲ್ಪ ಹೊತ್ತು ಫೋನ್ ನೋಡ್ತೀನಿ. ಆಮೇಲೆ ನನ್ನ ಬಿಟ್ಬಿಡಿ."

"ಆಮೇಲೆ ಫೋನ್ ಯಾರು ನೋಡ್ತಾರೆ?"

"ನೀವು ನೋಡಿ."

ಮಾಲೀಕ ಹೆಡ್ ಕ್ಲರ್ಕರ ಕಡೆ ನೋಡಿದ. ಅವರು ಅರ್ಧ ಕಪ್ಪು ಮುಖವನ್ನು ಗಂಭೀರ ಮಾಡಿಕೊಂಡು, "ನಮ್ಮದೇನೂ ದೂರಿಲ್ಲ. ಮುಂದಿನ ಸಲ ಅವರೇ ಬಂದು ಮಸಿ ಬಳೀಲಿ" ಎಂದರು. ಮಾಲೀಕ ತಲೆ ಕೆರೆದುಕೊಂಡು, "ನೋಡೋಣ" ಎಂದು ಹೋದ. ಮಾಲೀಕರ 'ನೋಡೋಣ' ಎಂಥದ್ದೆಂದು ದುಡಿಯುವವರಿಗೆಲ್ಲ ಗೊತ್ತು. ಅಕ್ಕ ಮತ್ತೆ ಬ್ರಷ್ ತೆಗೆದುಕೊಂಡು ಮೆಷಿನ್ನಿನ ಹೊಟ್ಟೆ ಬಿಚ್ಚಿದಳು. ಕೊನೆಯ ಕೆಲಸವಾದರೂ ಸರಿಯೇ, ಚೊಕ್ಕಟವಾಗಿ ಮಾಡೋಣ ಎಂದು ಮೂಲೆ ಮೂಲೆ ಒರೆಸಿದಳು.

ಇನ್ನೇನು ಮುಗಿಯಿತು ಎನ್ನುವಾಗ ಕಚೇರಿಯ ಫೋನು ಹೊಡೆದುಕೊಂಡಿತು. ಟೈಪಿಸ್ಟ್ ಎತ್ತಿ, "ನಿಮಗೆ" ಎಂದು ಕೊಟ್ಟಳು. ಮಾಲೀಕ. ಅವನ ದನಿ ಸೋತು ಸುಣ್ಣವಾಗಿತ್ತು.

"ಅಕ್ಕ, ಅಲ್ಲಿ ಮುಗಿದ್ರೆ ಹಾಗೇ ಬ್ಯಾಂಕಿಗೆ ಹೋಗಿ ಬನ್ನಿ. ನಾನು ಫೋನಲ್ಲಿ ಹೇಳೋಕೆ ಹೋಗಿ ಅವರ ಮೆಷಿನ್ನಿನ ಭಾಷೆ ಚೀನಿ ಆಗ್ಬಿಟ್ಟಿದೆ. ಕ್ಯಾಷಿಯರ್ ಬೈತಿದ್ದಾರೆ. ಅಲ್ಲಿಂದ ಸ್ಕೂಲಿಗೆ. ಅಲ್ಲಿ ಏನಾಗಿದೆ ಅಂತ ಕೇಳ್ಬೇಡಿ."

"ಸ್ಕೂಟರ್ ನೋಡೋಕೆ ಬರೋರು?"

"ಬಂದು ಹೋದ್ರು. ಸ್ಕೂಟರ್ ಇದ್ರೆ ತಾನೆ ತೋರಿಸೋದು?" ಹಾಗೇ ಸೇರಿಸಿದ, "ಇನ್ನು ಬರ್ಬೇಡಿ ಅಂದೆ."

ಅಕ್ಕ ಫೋನಿಟ್ಟಳು. ಟೈಪಿಸ್ಟಳನ್ನು ಅಪ್ಪಿಕೊಂಡಳು. ಅವಳ ಬಟ್ಟೆಯ ಮೇಲೆ ಉಳಿದಿದ್ದ ಪುಡಿಯೆಲ್ಲ ಅಕ್ಕನಿಗೂ ಆಯಿತು. ಆಮೇಲೆ ಬ್ಯಾಂಕಿಗೆ ಹೋದಳು, ಸ್ಕೂಲಿಗೆ ಹೋದಳು. ಟೈಪಿಸ್ಟಳ ಮೊಮ್ಮಗುವಿನ ಸುದ್ದಿ ಎರಡೂ ಕಡೆ ಹೇಳಿದಳು.

ಸಂಜೆ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಗಂಡ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ. ಕಾಲು ಪೆಡಲಿನ ಮೇಲಿತ್ತು, ಆದರೆ ಹೊಲಿಯುತ್ತಿರಲಿಲ್ಲ. ಕಪ್ಪು ಮೆತ್ತಿದ ಅವಳ ಮುಖ, ಕೈ, ಉಗುರು ಎಲ್ಲ ನೋಡಿದ. ಕತ್ತಲಾಗುವ ಮೊದಲು ಕರೆದುಕೊಂಡು ಬರಬೇಕಾದವನು ಸೈಕಲ್ ತೆಗೆದೇ ಇರಲಿಲ್ಲ.

"ನನ್ನ ಕರ್ಕೊಂಡು ಬರೋಕೆ ಯಾಕೆ ಬರ್ಲಿಲ್ಲ?" ಎಂದಳು ಅಕ್ಕ, ಬೇಕೆಂತಲೇ ಮುಖ ಊದಿಸಿಕೊಂಡು.

"ಎಷ್ಟು ಹೊತ್ತಿಗೆ ಬರ್ಲಿ ಅಂತ ಅಂಗಡಿಗೆ ಫೋನ್ ಮಾಡ್ದೆ. ನಿಮ್ಮ ಮಾಲೀಕ್ರೇ ಎತ್ತಿದ್ರು. 'ಅಕ್ಕ ಇಲ್ಲ, ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ' ಅಂದ್ರು." ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ ಅಂದೆ. ಹೇಳಿದ್ರು."

"ಯಾಕೆ, ಲೈನ್ ಸರಿ ಇರ್ಲಿಲ್ವಾ?"

"ಚೆನ್ನಾಗೇ ಇತ್ತು ಕಣೇ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು."